ಮೇಜಿನ ಕೆಳಗೆ ಎರ್ಸಿಲಿಯಾ

ಈಕ್ವೆಡಾರಿನ ಇಬಾರ್ರಾ ಪೇಟೆಯ ಮೂಲೆಯಲ್ಲಿ ಕೆಂಡದ ಮೇಲೆ ಮೆಕ್ಕೆಜೋಳದ ಅರೆಪಾ ರೊಟ್ಟಿ ತಟ್ಟಿ ಬೇಯಿಸುವ ಎರ್ಸಿಲಿಯಾ ಗಡಿಯಾಚೆಯ ಕೊಲಂಬಿಯಾದವಳು. ಅಲ್ಲಿಯೂ ಇದೇ ಕಸುಬು. ತಳ್ಳುಗಾಡಿಗೆಂದು ಮೀಟರ್ ಬಡ್ಡಿಯವರ ಮುಂದೆ ಕೈಚಾಚಿ ಕೆಟ್ಟಳು. ದಿನಾ ಮೋಟಾರ್ ಸೈಕಲ್ಲಿನಲ್ಲಿ ವಸೂಲಿಗೆ ಬರುತ್ತಿದ್ದವರು, ಅವಳ ಕೈ ಬರಿದಾದ ದಿನ ಗಾಡಿಗೆ ಬೆಂಕಿಯಿಟ್ಟು, "ಇನ್ನು ನಿನ್ನ ಸರದಿ" ಎಂದು ಹೋದರು. ಉಟ್ಟ ಬಟ್ಟೆಯಲ್ಲೇ ಈಕ್ವೆಡಾರಿಗೆ ದಾಟಿಕೊಂಡಳು.

ಆಶ್ರಯ ಕೇಳಲು ನಿರಾಶ್ರಿತರ ಕಚೇರಿಗೆ ಹೊರಟಾಗ ಮನೆಯೊಡತಿ ದೋನ್ಯಾ ಸೋಯ್ಲಾ ಬಾಗಿಲಲ್ಲೇ ತಡೆದಳು.

"ನೋಡೇ, ನಿಮ್ಮೂರೋರು ಮನೆ ಹತ್ಕೊಂಡು ಉರೀತಿದ್ರೂ 'ದೇವ್ರ ದಯ, ಚೆನ್ನಾಗಿದ್ದೀನಿ' ಅನ್ನೋ ಜನ. ಅಲ್ಲಿ ಹಂಗಂದ್ರೆ ವಾಪಸ್ ಅಟ್ತಾರೆ."

"ಅಷ್ಟೂ ತಿಳಿಯಲ್ವೇನಮ್ಮ ನಂಗೆ?"

ಕುರ್ಚಿಯಲ್ಲಿ ಕೂತದ್ದೇ ತಡ, ಅಧಿಕಾರಿ, "ಹೇಗಿದ್ದೀರಿ, ಸಿನ್ಯೋರಾ?" ಎಂದ.

"ದೇವ್ರ ದಯ, ಚೆನ್ನಾಗಿದ್ದೀನಿ ಸ್ವಾಮಿ."

"ಊರಲ್ಲಿ ಯಾರಿಂದಾದ್ರೂ ತೊಂದ್ರೆ?"

"ಎಲ್ಲಾರ್ ಮನೇಲೂ ಇರೋದೇ ಅಲ್ವಾ? ನೀವೆಲ್ಲ ಕ್ಷೇಮಾನಾ?"

ಹೊರಗಿನವರ ಮುಂದೆ ಗೋಳು ಹರವಿಕೊಳ್ಳುವುದನ್ನು ಅವಳ ಅಮ್ಮ ಕಲಿಸಿರಲಿಲ್ಲ. ಒಳಗೆ ಜೀವ ಅಯ್ಯೋ ಎನ್ನುತ್ತಿದ್ದರೂ ನಾಲಿಗೆ ಹಳೆಯ ಜಾಡನ್ನೇ ಹಿಡಿದಿತ್ತು. ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕತೊಡಗಿದ.

ಅಷ್ಟರಲ್ಲಿ ಹೊರಗೊಂದು ಮೋಟಾರ್ ಸೈಕಲ್ ಗುಡುಗಿತು. ಅಧಿಕಾರಿ ತಲೆಯೆತ್ತಿದರೆ ಎದುರಿನ ಕುರ್ಚಿ ಖಾಲಿ. ಬಗ್ಗಿ ನೋಡಿದ. ಎರ್ಸಿಲಿಯಾ ಕೈಚೀಲವನ್ನು ನೆತ್ತಿಗವುಚಿಕೊಂಡು ಮೇಜಿನ ಕೆಳಗೆ ಮುದುಡಿದ್ದಳು.

"ಸಿನ್ಯೋರಾ, ಅದು ನಮ್ಮ ಊಟ ತರೋನ ಗಾಡಿ."

"ಗೊತ್ತು ಸ್ವಾಮಿ... ಮೈಗೆ ಗೊತ್ತಾಗಲ್ಲ."

ಆತ ಎದ್ದೇಳಿ ಎನ್ನಲಿಲ್ಲ. ಮೇಜಿನ ಇನ್ನೊಂದು ಮಗ್ಗುಲಲ್ಲಿ ಅವಳಿಗೆ ಬೆನ್ನು ಮಾಡಿ ತಾನೂ ನೆಲಕ್ಕೆ ಕೂತ. ಅವನ ಮುಖ ಮರೆಯಾದದ್ದೇ ಅವಳ ಬಾಯಿ ಬಿಚ್ಚಿತು. ಸುಟ್ಟ ಗಾಡಿ, ಬೆದರಿಕೆ, ಗಡಿ ದಾಟಿದ್ದು, ಎಲ್ಲ ಈಚೆ ಬಂತು. ತಂದ ಊಟ ತಣ್ಣಗಾಯಿತು.

ಆಶ್ರಯದ ಕಾಗದ ಕೈಸೇರಿದಾಗ ಸೋಯ್ಲಾ ಬಿದ್ದು ಬಿದ್ದು ನಕ್ಕಳು. "ಮೇಜಿನ ಕೆಳಗೆ ತೂರಿ ದೇಶದೊಳಕ್ಕೆ ಬಂದೋಳು ನೀನೊಬ್ಳೇ ಕಣೇ!"

ಈಗ ಅವಳ ಒಲೆಯ ಮುಂದೆ ಗಿರಾಕಿಗಳ ಮೋಟಾರ್ ಸೈಕಲ್ಲುಗಳದೇ ಸಾಲು. ಸದ್ದಿಗೆ ಕೈ ಈಗಲೂ ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ರೊಟ್ಟಿ ಮಗುಚುತ್ತದೆ. ಎಲ್ಲರಿಗೂ ಕೊಸರಿಗೊಂದು ಪುಟ್ಟ ಅರೆಪಾ ಹಾಕುತ್ತಾಳೆ. ಆದರೆ ಹೇಗಿದ್ದೀಯ ಎಂದು ಮಾತ್ರ ಅವಳನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಸೊಂಟನೋವಿನಿಂದ ಶುರುಮಾಡುತ್ತಾಳೆ, ರೊಟ್ಟಿ ಸೀದರೂ ನಿಲ್ಲಿಸುವುದಿಲ್ಲ.