ಶಾಲಿನ ಗಂಟು

ಸನ್ಮಾನಕ್ಕೆಂದು ತಂದಿದ್ದ ಶಾಲನ್ನು ಹಗ್ಗದ ಹಾಗೆ ತಿರುಚಿ, ನನ್ನಕ್ಕನ ಮಗಳು ಚೈತ್ರಾಳ ಎದೆಗೆ ಸುತ್ತಿ, ಗಾಲಿಕುರ್ಚಿಯ ಹಿಂದೆ ಸಂಘಟಕರು ಗಂಟು ಹಾಕಿದರು. ಬಳ್ಳಾರಿಯಲ್ಲಿ ಅಂಗವಿಕಲ ಮಕ್ಕಳಿಗೆ ಗಾಲಿಕುರ್ಚಿ ಹಂಚುವ ಕಾರ್ಯಕ್ರಮ ಅದು. ಚೈತ್ರಾಗೆ ಆರು ವರ್ಷ, ಬೆನ್ನು ನಿಲ್ಲುವುದಿಲ್ಲ. ಕೊಟ್ಟದ್ದು ದೊಡ್ಡವರ ಕುರ್ಚಿ. ಕೂರಿಸಿದಾಗಲೆಲ್ಲ ಪಕ್ಕಕ್ಕೆ ಜಾರುತ್ತಿದ್ದಳು, ಫೋಟೊ ಸರಿಯಾಗಿ ಬರುತ್ತಿರಲಿಲ್ಲ. ಅದಕ್ಕೇ ಈ ಕಟ್ಟು.

ಫೋಟೊ ತೆಗೆದದ್ದೇ ತಡ, ಅಕ್ಕ ವೇದಿಕೆಯ ಮೇಲೆಯೇ ಗಂಟು ಬಿಚ್ಚಿದಳು. "ಒಂದು ಕುಪ್ಪಸ ಹೊಲಿಯಾಕ ಅಳತಿ ತಗೋತಾರ್ರಿ. ನನ್ನ ಮಗಳನ್ನ ಒಬ್ರಾದ್ರೂ ಮುಟ್ಟಿ ನೋಡಿದ್ರೇನು?" ಎಂದಳು.

ಸಂಘಟಕರು ಮೈಕಿಗೆ ಕೈ ಅಡ್ಡ ಹಿಡಿದರು. "ಸಿರುಗುಪ್ಪದಾಗ ಹಂಚಿದಾಗ ಎಲ್ಲಾರೂ ಇಂಥಾದನ್ನ ತಗೊಂಡು ಹೋದ್ರಮ್ಮ. ನಿನಗೊಬ್ಬಾಕಿಗೆ ಬ್ಯಾರೆ ಮಾಡ್ಸಾಕ ಆಗತೈತೇನು?"

ಯಾಕೆ ಆಗಬಾರದು? ಮಕ್ಕಳ ಸೊಂಟಕ್ಕೆ ಬೇರೆ, ದೊಡ್ಡವರ ಸೊಂಟಕ್ಕೆ ಬೇರೆ ಅಳತೆಯಲ್ಲಿ ಜೀನ್ಸ್ ಹೊಲಿಯುವ ಊರಿದು. ನೆಟ್ಟಗೆ ಕೂರಲಾರದ ಮಗುವಿನ ವಿಷಯಕ್ಕೆ ಬಂದಾಗ ಮಾತ್ರ ಅಳತೆ ಕೇಳುವುದೇ ತಪ್ಪಾಗುತ್ತದೆ. ಸಿರುಗುಪ್ಪದ ತಾಯಂದಿರು ಸುಮ್ಮನೆ ಒಯ್ದರಂತೆ. ಅವರ ಮಕ್ಕಳು ಆ ಕುರ್ಚಿಯಲ್ಲಿ ಕೂತರೋ ಇಲ್ಲವೋ, ಹೋಗಿ ನೋಡಿದವರು ಯಾರು?

ಬೇಡವೆಂದರೂ ಕುರ್ಚಿಯನ್ನು ನಮ್ಮ ಆಟೊಗೆ ಏರಿಸಿಬಿಟ್ಟರು. ಅದೀಗ ಕುರುಗೋಡಿನಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿದೆ. ಚೈತ್ರಾ ಅಕ್ಕನ ಕಂಕುಳಲ್ಲೇ ಇದ್ದಾಳೆ. ಕುರ್ಚಿಯಲ್ಲಿ ಜೋಳದ ಚೀಲ ಕೂತಿದೆ, ಯಾರೂ ಕಟ್ಟದೆಯೇ, ನೆಟ್ಟಗೆ.