ಓಮ ತೇಗಿದ ಟಗರುಮರಿಗಳು

ಕಂಪಲಾಪುರದ ಚಿಕ್ಕಬೀರಮ್ಮ ಅರವತ್ತು ವರ್ಷದಲ್ಲಿ ಮನಸ್ಸಿಟ್ಟು ಮಾಡಿದ್ದು ಎರಡೇ ಕೆಲಸ: ಕುರಿ ಸಾಕುವುದು, ಬಂದವರಿಗೆ ಹೊಟ್ಟೆತುಂಬ ಬಡಿಸುವುದು. ಈ ಎರಡರಲ್ಲಿ ಯಾರು ಬುದ್ಧಿ ಹೇಳಿದರೂ ಅವಳಿಗೆ ಆಗುತ್ತಿರಲಿಲ್ಲ. ಅದು ಗೊತ್ತಿಲ್ಲದ ಪಶುವೈದ್ಯ ವಸಂತ್ ಒಂದು ಬೆಳಗ್ಗೆ ಪುಡಿಯ ಚೀಲ ಹಿಡಿದು ಬಂದ.

"ನುಗ್ಗೆಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ಓಮ ಒಣಗಿಸಿ ಪುಡಿ ಮಾಡಿದ್ದೀನಮ್ಮ. ಮೂರು ಟಗರುಮರಿಗೆ ಮೇವಿನ ಜೊತೆ ದಿನಾ ಒಂದು ಹಿಡಿ ಹಾಕಿ. ಇನ್ನು ಮೂರಕ್ಕೆ ಬರೀ ಮೇವು. ಮೂರು ತಿಂಗಳಾದ್ಮೇಲೆ ಯಾವುದರ ಬಾಡು ಮೆತ್ತಗಿದೆ ನೋಡೋಣ."

"ಮಸಾಲೆ ಎಲ್ಲಾ ಮರಿ ವಟ್ಟೆಗೇ ಆಕ್ಬುಟ್ರೆ ಸಾರ್ಗೆ ಏನಾಕ್ಲಿ ಡಾಕ್ಟ್ರೇ?"

ಪುಡಿ ತಿನ್ನುವ ಮರಿಗಳ ಕೊರಳಿಗೆ ವಸಂತ್ ಕೆಂಪು ದಾರ ಕಟ್ಟಿ ಹೋದ. ವಾರದೊಳಗೆ ಮಿಕ್ಕ ಮರಿಗಳು ಆ ದಾರವನ್ನೇ ಮೇದುಬಿಟ್ಟವು. ನೋಡಲು ಬಂದ ವಸಂತ್‌ಗೆ ಪುಡಿ ತಿಂದವು ಯಾವುವೆಂದು ಗುರುತೇ ಸಿಗಲಿಲ್ಲ. ಚಿಕ್ಕಬೀರಮ್ಮ ಒಂದೊಂದರ ಮೂತಿ ಹಿಡಿದು ಮೂಸಿದಳು.

"ಇದು ಓಮ ತೇಗ್ತದೆ. ಇದು ಬರೀ ಉಲ್ಲು. ನೀವೂ ಮೂಸಿ ನೋಡಿ ಬೇಕಾದ್ರೆ."

ವಸಂತ್ ಮೂಗು ಒಡ್ಡಿದ. ಮರಿ ಅವನ ಮುಖದ ತುಂಬ ಸೀನಿತು. ಓಮವೇ, ಅನುಮಾನವಿರಲಿಲ್ಲ.

ಮೂರು ತಿಂಗಳಾಯಿತು. ಗುಂಪಿಗೊಂದರಂತೆ ಎರಡು ಮರಿ ಕಡಿಸಿ, ಎರಡು ಪಾತ್ರೆಯಲ್ಲಿ ಬರೀ ಉಪ್ಪು ಹಾಕಿ ಬೇಯಿಸಲು ಹೇಳಿ ವಸಂತ್ ಎಂಟು ಜನರನ್ನು ರುಚಿ ನೋಡಲು ಕೂರಿಸಿದ. ಚಿಕ್ಕಬೀರಮ್ಮನ ಮೈದುನ ಬೆಟ್ಟಸ್ವಾಮಿ, "ಒಂದ್ ತುಂಡಲ್ಲಿ ಏನೂ ಗೊತ್ತಾಗಕಿಲ್ಲ ಕಣ್ರೀ" ಎಂದು ಆರಾರು ತುಂಡು ಇಳಿಸಿದ. ಎಂಟು ಜನವೂ ಎರಡೂ ಪಾತ್ರೆಗೆ ಹತ್ತಕ್ಕೆ ಹತ್ತು ಕೊಟ್ಟರು. ಗಾಬರಿಯಾಗಿ ವಸಂತ್ ತಾನೇ ಬಾಯಿಗಿಟ್ಟ. ಚಕ್ಕೆ, ಲವಂಗ, ಹುರಿದ ಕೊತ್ತಂಬರಿ, ಕಾಯಿ!

"ಏನಮ್ಮಾ ಇದು? ಬರೀ ಉಪ್ಪು ಅಂದಿದ್ನಲ್ಲ!"

"ಜನನ ಕರ್ಸಿ ಉಪ್ನೀರಲ್ಲಿ ಬೇಯ್ಸಿದ್ ಇಕ್ಕಕೆ ಇದೇನ್ ಆಸ್ಪತ್ರೆಯಾ? ನನ್ ಮಾನ ಓಗಲ್ವಾ?"

ವಸಂತ್ ಜಗಲಿಯ ಮೇಲೆ ಕುಸಿದು ಕೂತ. ಅವನ ಮುಖ ನೋಡಿ ಚಿಕ್ಕಬೀರಮ್ಮನಿಗೆ ಅಯ್ಯೋ ಅನ್ನಿಸಿತು.

"ಒಂದ್ ಮಾತು ಕಣಪ್ಪ. ಪುಡಿ ತಿಂದ್ ಮರೀದು ಬಿರ್ರನೆ ಬೆಂದೋಯ್ತು. ಕುದಿಯೋವಾಗ ಕುರಿ ವಾಸ್ನೆನೂ ಅಷ್ಟಿರ್ಲಿಲ್ಲ."

ವಸಂತ್ ಎದ್ದು ನಿಂತ. "ಎಷ್ಟು ನಿಮಿಷ ಮೊದಲು?"

"ನಿಮಿಷ ಯಾರ್ ನೋಡವ್ರೆ? ಅದು ಇಳಿಸಿದ್ಮೇಲೆ ನಾನು ಅರ್ಧ ಸೇರು ಅಕ್ಕಿ ಆರ್ಸ್ದೆ, ಆಗ ಇದು ಬೆಂತು."

ವಸಂತ್ ಅವಳ ಕೈಗೆ ಮೊರ ಕೊಟ್ಟು, ಇನ್ನೊಂದು ಅರ್ಧ ಸೇರು ಅಕ್ಕಿ ಸುರಿದು, ಮೊಬೈಲ್ ಹಿಡಿದು ಎದುರು ಕೂತ. ಎಂಟು ಜನ ಉಸಿರು ಬಿಗಿಹಿಡಿದು ಅವಳು ಕಲ್ಲು ಆರಿಸುವುದನ್ನೇ ನೋಡಿದರು. ಇಪ್ಪತ್ತೆರಡು ನಿಮಿಷ. ವಸಂತ್ ಪುಸ್ತಕದಲ್ಲಿ ಬರೆದುಕೊಂಡು, ಒಂದೇ ಜೊತೆ ಮರಿ ನೋಡಿ ನಂಬಲಾಗದೆಂದು, ಉಳಿದ ನಾಲ್ಕು ಮರಿಯ ಸರದಿಗೆ ತಾನೇ ಒಲೆಯ ಮುಂದೆ ಕಾವಲು ಕೂರುವುದಾಗಿ ಹೇಳಿದ.

"ಕೂತ್ಕಳಿ, ಅದ್ಕೇನಂತೆ," ಎಂದಳು ಚಿಕ್ಕಬೀರಮ್ಮ. "ಈರುಳ್ಳಿ ಎಚ್ಚಕೆ ಒಂದಾಳು ಆಯ್ತದೆ."