ಆರ್ಡಿಸ್ ಮೊದಲು ವಿಚಾರಿಸುವುದು ಜಿರಳೆಯನ್ನೇ

ಶುಕ್ರವಾರ, ಬೆಳಗಿನ ಐದೂವರೆ. ಗ್ಯಾಲ್ವೆಸ್ಟನ್ ದ್ವೀಪದ ನಮ್ಮ ಬೀದಿಯ ಮಿಸ್ ಅರ್ಲೀನ್ ಅವರ ಅಡುಗೆಮನೆಯಲ್ಲಿ ಆರ್ಡಿಸ್ ಟಾಲಿವರ್ ಮಂಡಿಯೂರಿದ್ದಾರೆ. ದೀಪ ಹಾಕಿಲ್ಲ, ಕೈಯಲ್ಲೊಂದು ಟಾರ್ಚು. ಅವರ ಕೆಲಸದ ಬಗ್ಗೆ ಬರೆಯಲೆಂದು ನಾನೂ ಜೊತೆಗೆ ಬಂದಿದ್ದೇನೆ. ಜಿರಳೆ ಹಿಡಿಯಲು ನಿನ್ನೆ ಇಟ್ಟು ಹೋದ ಅಂಟುಕಾಗದಗಳನ್ನು ಸಿಂಕಿನ ಕೆಳಗಿಂದ, ಒಲೆಯ ಹಿಂದಿನಿಂದ ಒಂದೊಂದಾಗಿ ಎಳೆದು ನೋಡುತ್ತಾರೆ. ಬಾಗಿಲಲ್ಲಿ ನಿಂತ ಎಪ್ಪತ್ತೆಂಟರ ಅರ್ಲೀನ್ ಏಪ್ರನ್ನಿನ ಅಂಚು ಹಿಂಡುತ್ತಿದ್ದಾರೆ.

"ಬೇಗ ಹೇಳ್ಬಿಡು ಮಗಳೇ. ಆಗಲ್ಲ ಅಂತ ಪಾದ್ರಿಗೆ ಫೋನ್ ಮಾಡ್ಬೇಕು."

ನಾಳೆ ಅವರ ಚರ್ಚಿನ ಗೆಳತಿಯೊಬ್ಬರ ಅಂತ್ಯಸಂಸ್ಕಾರ. ಅಂಥ ದಿನದ ಊಟಕ್ಕೆ ಇಪ್ಪತ್ತಾರು ವರ್ಷಗಳಿಂದ ಬೆಂಡೆಕಾಯಿ, ಏಡಿ ಹಾಕಿದ ಗಂಬೋ ಸಾರು ಕುದಿಯುವುದು ಇದೇ ಒಲೆಯ ಮೇಲೆ. ಬುಧವಾರ ಊಟದ ಉಸ್ತುವಾರಿಯ ಮಿಸೆಸ್ ಮೇಬ್ರಿ ಬಂದಾಗ ಅವರ ಕಾಲ ಬಳಿಯೇ ಹೆಬ್ಬೆರಳುದ್ದದ ಜಿರಳೆ ಓಡಿದೆ. "ಈ ಸಲ ಬೇರೆ ಯಾರ ಮನೇಲಾದ್ರೂ ಬೇಯಿಸೋಣ್ವಾ?" ಎಂದರಂತೆ, ಬಹಳ ನಯವಾಗಿ. ಆ ನಯವೇ ಅರ್ಲೀನ್‌ಗೆ ಚುಚ್ಚಿದೆ.

ಆರ್ಡಿಸ್‌ಗೆ ಅರವತ್ತೊಂದು. ಶಾಲೆಯೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದವರು ಜಿರಳೆ ಓಡಿಸುವ ಈ ಕೆಲಸ ಹಿಡಿದು ಮೂವತ್ತೊಂದು ವರ್ಷ. ದಿನಕ್ಕೆ ಆರು ಮನೆ, ಮಂಡಿಗಳೆರಡೂ ಸವೆದಿವೆ. ವ್ಯಾನನ್ನು ಮುಂದಿನ ತಿರುವಿನಲ್ಲಿ ನಿಲ್ಲಿಸು ಎನ್ನುವ ಗಿರಾಕಿಗಳೇ ಹೆಚ್ಚು. ಡಬ್ಬಿಯೊಳಗಿನ ಉಪ್ಪೂ ನೀರೊಡೆಯುವ ಈ ದ್ವೀಪದಲ್ಲಿ ಜಿರಳೆ ಇಲ್ಲದ ಮನೆಯಿಲ್ಲ, ಇದೆ ಎಂದು ಒಪ್ಪುವ ಮನೆಯೂ ಇಲ್ಲ. ನಾನೂ ಒಮ್ಮೆ ಹಾಗೆ ಸುಳ್ಳು ಹೇಳಿದವನೇ.

"ಸಣ್ಣದಿದ್ದು, ಕತ್ತಿನ ಮೇಲೆ ಎರಡು ಕಪ್ಪು ಗೆರೆ ಇದ್ರೆ ಅದು ಒಳಗೇ ಸಂಸಾರ ಹೂಡಿರೋದು. ರಟ್ಟಿನ ಪೆಟ್ಟಿಗೆ ಜೊತೆ ಬರುತ್ತೆ," ಎನ್ನುತ್ತಾರೆ ಆರ್ಡಿಸ್. "ಅದಕ್ಕೆ ಸಂದೀಲಿ ವಿಷದ ಚುಕ್ಕಿ ಇಡ್ತೀನಿ. ಜನ ಅದರ ಮೇಲೇ ಅಂಗಡಿ ಸ್ಪ್ರೇ ಹೊಡೀತಾರೆ. ಆಮೇಲೆ ಜಿರಳೆ ಮೂಸಿಯೂ ನೋಡಲ್ಲ. ದೊಡ್ಡದು, ಕೆಂಚಗಿದ್ರೆ ಹೊರಗಿನ ನೆಂಟ. ಯಾವ ದಾರೀಲಿ ಬಂದ ಅಂತ ಹುಡುಕ್ಬೇಕು."

ಅಡುಗೆಮನೆಯ ಆರು ಕಾಗದಗಳಲ್ಲಿ ಸಿಕ್ಕಿದ್ದು ಒಂದು ಇರುವೆ. ಕೋಣೆಗಳ ನಡುವಿನ ಓಣಿಯ ಕಾಗದದಲ್ಲಿ ಮಾತ್ರ ಮೂರು ದೊಡ್ಡ ಜಿರಳೆ. ಮೂರರ ತಲೆಯೂ ಅಡುಗೆಮನೆಯತ್ತ, ಬೆನ್ನ ಹಿಂದೆ ಒಂದು ಮುಚ್ಚಿದ ಬಾಗಿಲು.

"ಅದೇನದು, ಮಿಸ್ ಅರ್ಲೀನ್?"

"ನನ್ನ ತಂಗಿ ಫ್ಲಾಯ್‌ಳ ಬಚ್ಚಲು. ನವೆಂಬರಲ್ಲಿ ತೀರ್ಕೊಂಡ್ಲಲ್ಲ. ಆಮೇಲೆ ತೆಗ್ದಿಲ್ಲ."

ಆರ್ಡಿಸ್ ಬಾಗಿಲು ಮುಟ್ಟುವುದಿಲ್ಲ, ಕಾಯುತ್ತಾರೆ. ಕೊನೆಗೆ ಅರ್ಲೀನ್ ತಾವೇ ತೆರೆಯುತ್ತಾರೆ. ನೀರು ಹೋಗುವ ತೂತಿಗೆ ಟಾರ್ಚು ಬಿಟ್ಟರೆ ಒಳಗೆ ಒಣ ಕೊಳವೆ.

"ಕೊಳವೆ ಬಗ್ಗಿರೋ ಕಡೆ ನೀರು ನಿಂತಿರ್ಬೇಕು, ಅದೇ ಚಿಲಕ. ಯಾರೂ ಸ್ನಾನ ಮಾಡ್ಲಿಲ್ಲ, ನೀರು ಆರಿಹೋಯ್ತು, ಚರಂಡಿಯವರು ಹತ್ತಿ ಬಂದ್ರು. ನಿಮ್ಮ ಅಡುಗೆಮನೆ ನನ್ನ ಮನೆಗಿಂತ ಚೊಕ್ಕಟವಾಗಿದೆ."

ಎರಡು ಜಗ್ಗು ನೀರು, ಬೇಗ ಆರದಿರಲೆಂದು ಮೇಲೊಂದು ಚಮಚ ಅಡುಗೆ ಎಣ್ಣೆ. ಒಳಗೆ ಉಳಿದಿರಬಹುದಾದ ಒಂದೆರಡಕ್ಕೆ ಹೊಸ ಅಂಟುಕಾಗದ. ಚಿಕಿತ್ಸೆ ಇಷ್ಟೇ. ಸ್ಟೂಲಿನ ಮೇಲೆ ಕುಸಿದ ಅರ್ಲೀನ್ ಮೊದಲು ಅಳುತ್ತಾರೆ, ಆಮೇಲೆ ನಗು ತಡೆಯಲಾಗುವುದಿಲ್ಲ.

"ನೀರು ದಂಡ ಮಾಡ್ತೀಯ ಅಂತ ದಿನಾ ಬೈತಿದ್ದೆ ಅವಳಿಗೆ. ಅವಳ ಸ್ನಾನವೇ ಮನೆ ಕಾಯ್ತಿತ್ತು ನೋಡು!"

ಪಾದ್ರಿಗೆ ಫೋನು ಹೋಗುತ್ತದೆ, ಅಡುಗೆ ಇಲ್ಲೇ ಎಂದು ಹೇಳಲು. ನನಗೂ ಹೋದ ಜೀವ ಬಂದಂತಾಗುತ್ತದೆ.

ಶನಿವಾರದ ಊಟಕ್ಕೆ ನಾನೂ ಇದ್ದೇನೆ. ಅರ್ಲೀನ್ ಆರ್ಡಿಸ್‌ರ ಕೈ ಹಿಡಿದು ಎಳೆದು ತಂದು ಮೇಜಿಗೆ ಕೂರಿಸುತ್ತಾರೆ. "ನಮ್ಮನೆಗೆ ಜಿರಳೆ ಬರ್ತಿತ್ತು. ದಾರಿ ಹುಡುಕಿ ಮುಚ್ಚಿದವಳು ಇವಳು. ಮೊದಲ ಬಟ್ಟಲು ಇವಳಿಗೆ." ಆಮೇಲೆ ಮಿಸೆಸ್ ಮೇಬ್ರಿಯೇ ಮುಂದೆ ಬಂದು ತಮ್ಮ ಬಟ್ಟಲು ಚಾಚುತ್ತಾರೆ. ಹೊರಡುವ ಹೊತ್ತಿಗೆ ಆರ್ಡಿಸ್‌ರನ್ನು ಜಗಲಿಯ ಮೂಲೆಗೆ ಕರೆದು ಏನೋ ಪಿಸುಗುಡುತ್ತಾರೆ.

ಏನಂದರು ಎಂದು ಕೇಳಿದರೆ ಆರ್ಡಿಸ್ ಅಡ್ಡಡ್ಡ ತಲೆಯಾಡಿಸುತ್ತಾರೆ.

"ಗಿರಾಕಿ ಗುಟ್ಟು ನಾನು ಹೇಳಲ್ಲಪ್ಪ. ಬೇಕಾದ್ರೆ ಇಷ್ಟು ಬರ್ಕೋ: ಆಯಮ್ಮ ಗಂಬೋ ಎರಡು ಸಲ ಹಾಕಿಸ್ಕೊಂಡ್ರು."